ಚೆನ್ನಾಗಿದೆ ಅಂದರೆ ಫೋನ್ ಮಾಡಿ

ಮದುವೆಯಾಗಿ ಹನ್ನೊಂದು ವರ್ಷವಾದ ಮೇಲೆ ನಮ್ಮ ಮಾವ ನನ್ನ ಕೆಲಸವನ್ನು ಮೊದಲ ಸಲ ಹೊಗಳಿದ್ದು ಒಂದು ಗುರುವಾರ, ಬೆಳಿಗ್ಗೆ ಹನ್ನೊಂದೂಕಾಲಿಗೆ. ಆಗಲೇ ಅವರನ್ನು ಆಸ್ಪತ್ರೆಗೆ ಸೇರಿಸಬೇಕಿತ್ತು. ನಾನು ಸೇರಿಸಲಿಲ್ಲ. ಮೀಸೆ ಸವರಿಕೊಂಡು ಟೀ ಕುಡಿಯಲು ಹೋದೆ.

ಮಾವ ಟೈಲರ್. ಹಾಗಂದರೆ ಅವರಿಗೆ ಸಿಟ್ಟು ಬರುತ್ತದೆ, ಕಟಿಂಗ್ ಮಾಸ್ಟರ್ ಅನ್ನಬೇಕು. ಬಟ್ಟೆ ಕತ್ತರಿಸುವುದು ಅವರು, ಹೊಲಿಯುವುದು ನಾನು. ಅಳತೆ ತೆಗೆಯುವುದು, ಕಾಜಾ ಗುಂಡಿ, ಗಿರಾಕಿಗಳ ಜೊತೆ ಜಗಳ, ಇವೆಲ್ಲ ನನ್ನ ಹೆಂಡತಿಯ ಪಾಲು. ಅಂಗಡಿ ಕೆಳಗೆ, ಮನೆ ಮೇಲೆ, ನಡುವೆ ಹದಿಮೂರು ಮೆಟ್ಟಿಲು. ನಾನು ಮನೆ ಅಳಿಯ. ಮೇಲೆ ಇರುವಾಗ ಮಾವ ನನ್ನನ್ನು 'ಅಳಿಯಂದ್ರೇ, ಕೈ ತೊಳ್ಕೊಳ್ಳಿ, ಊಟ ತಣ್ಣಗಾಗುತ್ತೆ' ಎಂದು ಉಪಚರಿಸುತ್ತಿದ್ದರು. ಹದಿಮೂರು ಮೆಟ್ಟಿಲು ಇಳಿದರೆ ಅದೇ ಬಾಯಿ 'ಲೋ, ಇದೇನು ಹೊಲಿಗೇನೋ, ಇರುವೆ ಸಾಲೋ?' ಎನ್ನುತ್ತಿತ್ತು. ನನಗಂತೂ ಮರ್ಯಾದೆ ಬೇಕೆನಿಸಿದಾಗಲೆಲ್ಲ ಹಸಿವಾಗುತ್ತಿತ್ತು.

ಅವರ ಅಂಗಿಯ ಜೇಬಿನಲ್ಲಿ ಸದಾ ನೀಲಿ ಸೀಮೆಸುಣ್ಣದ ಒಂದು ಬಿಲ್ಲೆ. ನಾನು ಹೊಲಿದು ಕೊಟ್ಟ ಯಾವುದೇ ಬಟ್ಟೆಯನ್ನು ಅವರು ಮೊದಲು ಒಳಮಗ್ಗುಲು ಹೊರಗೆ ಬರುವಂತೆ ತಿರುವಿ ಹಾಕುತ್ತಿದ್ದರು. ಹೊಲಿಗೆಯ ಉದ್ದಕ್ಕೂ ಹೆಬ್ಬೆರಳಿನ ಉಗುರು ಓಡಿಸುತ್ತಿದ್ದರು. ಎಲ್ಲಿ ಉಗುರು ನಿಂತಿತೋ ಅಲ್ಲಿ ಒಂದು ಇಂಟು ಗುರುತು. ಆಮೇಲೆ ಒಂದೇ ಮಾತು: 'ಬಿಚ್ಚು.' ತಪ್ಪಿಲ್ಲದಿದ್ದರೆ ಮಾತೇ ಇಲ್ಲ, ಬಟ್ಟೆಯನ್ನು ಇಸ್ತ್ರಿ ಮೇಜಿನ ಕಡೆ ಎಸೆದುಬಿಡುತ್ತಿದ್ದರು. ಹನ್ನೊಂದು ವರ್ಷ ಆ ಎಸೆತವನ್ನೇ ನಾನು ಪದಕ ಅಂದುಕೊಂಡು ಬದುಕಿದ್ದೆ.

ಅಂಥವರು ಆ ಗುರುವಾರ ಒಂದು ಪ್ಯಾಂಟನ್ನು ತಿರುವಿ ನೋಡಿ, ನಕ್ಕು, 'ಚೆನ್ನಾಗಿದೆ ಅಳಿಯಂದ್ರೇ' ಅಂದರು. ಅದೂ ಅಂಗಡಿಯಲ್ಲಿ, ಕೆಳಗೆ! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶುಕ್ರವಾರ ಮತ್ತೆ ಚೆನ್ನಾಗಿದೆ. ಶನಿವಾರ ಬಹಳ ಚೆನ್ನಾಗಿದೆ. ಜೇಬಿನ ಸೀಮೆಸುಣ್ಣ ಜೇಬಿನಲ್ಲೇ ಉಳಿಯಿತು. ನಾನು ಉಬ್ಬಿ ಉಬ್ಬಿ ನನ್ನ ಅಂಗಿಯೇ ನನಗೆ ಬಿಗಿಯಾಗತೊಡಗಿತು.

ನಿಜ ಹೇಳಬೇಕೆಂದರೆ ಬೇರೆ ಕೆಲವು ಸಂಗತಿಗಳೂ ನನ್ನ ಕಣ್ಣಿಗೆ ಬಿದ್ದಿದ್ದವು. ಮಾವನ ಬಲಗೈ ಇದ್ದಕ್ಕಿದ್ದಂತೆ ಎಗರುತ್ತಿತ್ತು, ಅದೇ ಗಳಿಗೆಯಲ್ಲಿ ಬಲಗೆನ್ನೆಯೂ ಸೊಟ್ಟಗಾಗುತ್ತಿತ್ತು. ಎರಡೇ ಸೆಕೆಂಡು, ಆಮೇಲೆ ಏನೂ ಆಗದವರಂತೆ ಕತ್ತರಿ ಹಿಡಿಯುತ್ತಿದ್ದರು. ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ. ಟೇಪನ್ನು ಕತ್ತಿನಲ್ಲೇ ಹಾಕಿಕೊಂಡು ಅಂಗಡಿಯೆಲ್ಲ ಟೇಪು ಹುಡುಕುತ್ತಿದ್ದರು.

'ರೀ, ಅಪ್ಪಂಗೆ ಏನೋ ಆಗಿದೆ,' ಅಂದಳು ನನ್ನ ಹೆಂಡತಿ. 'ನಿನ್ನೆ ನನ್ನ ಕಾಜಾನೂ ಹೊಗಳಿದ್ರು.'

'ವಯಸ್ಸಾಯ್ತು ಕಣೇ, ಮನಸ್ಸು ಮೆತ್ತಗಾಗಿದೆ. ಅದಕ್ಕೂ ಕಲ್ಲು ಹಾಕ್ಬೇಡ.'

'ಮತ್ತೆ ಆ ಕೈ?'

'ಆ ಕತ್ತರಿ ನೋಡಿದೀಯಾ? ಎರಡು ಕಿಲೋ ಇದೆ. ಎಗರದೆ ಇನ್ನೇನು ಮಾಡುತ್ತೆ?'

ಅವಳು ತಲೆಯಾಡಿಸಿ ಕಾಜಾ ಕೆಲಸಕ್ಕೆ ಮರಳಿದಳು. ಯಾಕೆಂದರೆ ನಾನು ಕೆಲಸ ಬಲ್ಲವನಂತೆ ಮಾತಾಡಿದ್ದೆ, ಮತ್ತು ನಾನು ಕೆಲಸ ಬಲ್ಲವನೆಂದು ಮಾವನೇ ಸರ್ಟಿಫಿಕೇಟ್ ಕೊಟ್ಟಿದ್ದರು.

ಆಗ ನಮ್ಮ ಕೈಯಲ್ಲಿ ಇದ್ದದ್ದು ಬ್ಯಾಂಡ್ ಮೇಷ್ಟ್ರ ಕೆಲಸ. ಊರಿನ ವಾದ್ಯತಂಡಕ್ಕೆ ಹನ್ನೆರಡು ಕೆಂಪು ಕೋಟು. ಹೊಗಳಿಕೆಯ ಅಮಲಿನಲ್ಲಿ ನಾನು ಮೇಷ್ಟ್ರ ಕೋಟಿಗೆ ಎಡತೋಳನ್ನು ಬಲಕ್ಕೂ ಬಲತೋಳನ್ನು ಎಡಕ್ಕೂ ಕೂಡಿಸಿಬಿಟ್ಟೆ. ಕೋಟಿನ ತೋಳು ನೇರ ಕೊಳವೆಯಲ್ಲ, ಮೊಣಕೈ ಮುಂದಕ್ಕೆ ಬಾಗುವಂತೆ ಅದಕ್ಕೊಂದು ವಾಲು ಇರುತ್ತದೆ. ಅದಲುಬದಲಾದರೆ ಕೈ ಹಿಂದಕ್ಕೆ ಹೋಗುತ್ತದೆ. ಹೊಲಿಗೆ ಕಲಿಯುವವರು ಎರಡನೆಯ ತಿಂಗಳಿಗೇ ಈ ತಪ್ಪು ಮಾಡುವುದು ಬಿಡುತ್ತಾರೆ. ಮಾವ ಅದನ್ನು ತಿರುವಿ ನೋಡಿದರು, ಉಗುರು ಓಡಿಸಿದರು, 'ಎಂಥಾ ತೋಳು!' ಅಂದರು.

ಎರಡು ವಾರ ಕಳೆದು ಬಂದ ಶನಿವಾರ ಮಧ್ಯಾಹ್ನ ಮೇಷ್ಟ್ರು ಟ್ರಯಲ್‌ಗೆ ಬಂದರು. ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತು ಬ್ಯಾಂಡ್ ನಡೆಸುವ ಕೋಲನ್ನು ಎತ್ತಲು ಹೋದರು. ಎರಡು ಕೈಯೂ ಬೆನ್ನ ಹಿಂದಕ್ಕೆ ಹೊರಟವು. ಹಾರಲು ಸಿದ್ಧವಾದ ಕೋಳಿಯ ಹಾಗೆ ಕಾಣುತ್ತಿದ್ದರು. ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಮಾವನ ಕಡೆ ತಿರುಗಿದೆ. ಈಗ ಬೈಗುಳದ ಮಳೆಯೇ ಸುರಿಯುತ್ತದೆ ಎಂದು ತಲೆ ತಗ್ಗಿಸಿದ್ದೆ.

'ಚೆನ್ನಾಗಿದೆ,' ಅಂದರು ಮಾವ. ಆಮೇಲೆ ಮಗಳ ಕಡೆ ನೋಡಿ, 'ನಿಮ್ಮಮ್ಮ ಊಟ ಮಾಡಿದ್ಲಾ?' ಎಂದು ಕೇಳಿದರು.

ಅತ್ತೆ ತೀರಿಕೊಂಡು ಆರು ವರ್ಷವಾಗಿತ್ತು.

ಕೈ ಎಗರಿತು, ಕೆನ್ನೆ ಸೊಟ್ಟಗಾಯಿತು. ಈ ಸಲ ಎರಡು ಸೆಕೆಂಡಿಗೆ ನಿಲ್ಲಲಿಲ್ಲ. ಮೈಯೆಲ್ಲ ನಡುಗಿ ಅವರು ಕತ್ತರಿಸುವ ಮೇಜಿನ ಪಕ್ಕ ಬಿದ್ದರು. ಆಂಬುಲೆನ್ಸಿಗೆ ಫೋನ್ ಮಾಡಿದ್ದು ಮೇಷ್ಟ್ರು. ಆ ಕೋಟಿನಲ್ಲಿ ಫೋನನ್ನು ಕಿವಿಗೆ ಹಿಡಿಯಲು ಅವರು ಎಷ್ಟು ಒದ್ದಾಡಿದರು ಎಂಬುದನ್ನು ಈಗ ನೆನೆದರೆ ನಗು ಬರುತ್ತದೆ. ಆಗ ಬರಲಿಲ್ಲ.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿದರು, ತಲೆಗೆ ವೈರು ಅಂಟಿಸಿದರು, ರಕ್ತ ತೆಗೆದರು, ಬೆನ್ನಿನಿಂದ ನೀರು ತೆಗೆದರು. ನರರೋಗದ ಡಾಕ್ಟರಮ್ಮ ಚಿಕ್ಕ ಆಳು, ದೊಡ್ಡ ಕನ್ನಡಕ, ಮೊಣಕಾಲು ದಾಟುವ ಬಿಳಿ ಕೋಟು. ಅವರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಕೇಳಿದರು.

'ನಡವಳಿಕೇಲಿ ಬದಲಾವಣೆ ಮೊದಲು ಕಂಡಿದ್ದು ಯಾವಾಗ?'

ನಾನು ಗಂಟಲು ಸರಿಮಾಡಿಕೊಂಡೆ. 'ಹದಿನಾರು ದಿನ ಆಯ್ತು.'

'ಏನು ಮಾಡಿದ್ರು?'

'ನನ್ನನ್ನ ಹೊಗಳಿದ್ರು.'

ಡಾಕ್ಟರಮ್ಮ ಪೆನ್ನು ನಿಲ್ಲಿಸಿದರು. 'ಅಷ್ಟೇನಾ?'

'ಅದು ಅಷ್ಟೇ ಅಲ್ಲ ಡಾಕ್ಟ್ರೇ,' ಅಂದಳು ನನ್ನ ಹೆಂಡತಿ. 'ನಮ್ಮಪ್ಪ ನಮ್ಮ ಮದುವೆ ದಿನ ಇವರ ಕೋಟಿನ ಕಾಲರ್ ಮೇಲೂ ಗುರುತು ಹಾಕಿದ್ರು.' ಆಮೇಲೆ ಅವಳು ನನ್ನ ಕಡೆ ತಿರುಗಿ ಒಂದು ನೋಟ ನೋಡಿದಳು. ಹದಿನಾರು ದಿನ ಗೊತ್ತಿದ್ದೂ ಸುಮ್ಮನಿದ್ದಿರಲ್ಲ ಎಂಬ ನೋಟ. ಅದು ಸುಳ್ಳೇನೂ ಅಲ್ಲ. ನನಗೆ ಆ ಮಾತು ಎಷ್ಟು ಬೇಕಾಗಿತ್ತೆಂದರೆ, ಅದು ಎಲ್ಲಿಂದ ಬರುತ್ತಿದೆ ಎಂದು ನಾನು ವಿಚಾರಿಸಲೇ ಇಲ್ಲ. ನಾಚಿಕೆಯಿಂದ ನನಗೆ ಆ ಕುರ್ಚಿಯಡಿ ತೂರಿಕೊಳ್ಳೋಣ ಅನ್ನಿಸಿತು.

ಕಾಯಿಲೆಯ ಹೆಸರು ಒಂದು ಗಜ ಉದ್ದವಿತ್ತು. ಡಾಕ್ಟರಮ್ಮ ಅದನ್ನು ಬಿಡಿಸಿ ಹೇಳಿದರು. ಮೈಗೆ ಕಾವಲಿರುವ ಶಕ್ತಿಯೇ ದಾರಿ ತಪ್ಪಿ ಮಿದುಳಿನ ಮೇಲೆ ಬೀಳುತ್ತದೆ, ಮಿದುಳು ಊದಿಕೊಳ್ಳುತ್ತದೆ. ಅಪರೂಪದ್ದು, ಲಕ್ಷಾಂತರ ಜನರಲ್ಲಿ ಒಬ್ಬಿಬ್ಬರಿಗೆ. ಕೈ ಮತ್ತು ಕೆನ್ನೆ ಒಟ್ಟಿಗೆ ಎಗರುವುದೇ ಅದರ ಗುರುತು.

'ವಾಸಿ ಆಗುತ್ತಾ?' ಎಂದು ಕೇಳಿದಳು ಇವಳು.

'ಔಷಧಿಗೆ ಬಗ್ಗೋ ಕಾಯಿಲೆ ಇದು. ಐದು ದಿನ ಸ್ಟಿರಾಯ್ಡ್ ಡ್ರಿಪ್ ಕೊಡ್ತೀವಿ, ರಕ್ತದಿಂದ ಆ ಕೆಟ್ಟ ಅಂಶ ಸೋಸಿ ತೆಗೀತೀವಿ. ಆಮೇಲೆ ಮಾತ್ರೆ, ತಿಂಗಳುಗಟ್ಟಲೆ, ನಿಧಾನಕ್ಕೆ ಕಮ್ಮಿ ಮಾಡ್ತಾ ಬರ್ಬೇಕು. ಹೆಚ್ಚಿನವರು ಸುಧಾರಿಸ್ತಾರೆ. ಕೆಲವರಿಗೆ ನೆನಪಲ್ಲಿ ಅಲ್ಲಲ್ಲಿ ತೂತು ಉಳಿಯುತ್ತೆ. ಕೆಲವರಿಗೆ ವಾಪಸ್ ಬರುತ್ತೆ. ಬೇಗ ಹಿಡಿದಷ್ಟೂ ಒಳ್ಳೇದು.' ಈ ಕೊನೆಯ ಮಾತು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಡ್ರಿಪ್ ಮುಗಿಯಿತು, ರಕ್ತ ಸೋಸುವುದು ನಡೆಯಿತು. ಮಾವ ಹಾಸಿಗೆಯಲ್ಲಿ ಕೂತು ಎಲ್ಲರನ್ನೂ ಹೊಗಳುತ್ತಲೇ ಇದ್ದರು. ಗೋಡೆ ಚೆನ್ನಾಗಿದೆ, ಫ್ಯಾನು ಚೆನ್ನಾಗಿದೆ, ಸೂಜಿ ಚುಚ್ಚಿದ ನರ್ಸಮ್ಮ ಬಹಳ ಚೆನ್ನಾಗಿ ಚುಚ್ಚಿದರು. ನರ್ಸಮ್ಮನಿಗೆ ಮಾವನೆಂದರೆ ಪ್ರಾಣ. ನನಗೆ ಒಂದೊಂದು ಹೊಗಳಿಕೆಯೂ ಎದೆಗೆ ಸೂಜಿ ಚುಚ್ಚಿದ ಹಾಗೆ. ಇವರು ಹೀಗೇ ಉಳಿದುಬಿಟ್ಟರೆ? ನನ್ನನ್ನು ಇನ್ನೆಂದೂ ಬೈಯದೇ ಹೋದರೆ? ಹನ್ನೊಂದು ವರ್ಷ ಕೈ ಹಿಡಿದು ತಿದ್ದಿದವರು ಬರಿಯ ಒಳ್ಳೆಯ ಮುದುಕರಾಗಿ ಮೂಲೆಯಲ್ಲಿ ಕೂತು ನಗುತ್ತಿದ್ದರೆ ನಾನು ಯಾರ ಕಡೆ ನೋಡಿ ಹೊಲಿಯಲಿ? ನನಗೆ ಅಳು ಬಂತು. ಆಸ್ಪತ್ರೆಯ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತುಬಿಟ್ಟೆ.

ಒಂಬತ್ತನೆಯ ದಿನ ಡಾಕ್ಟರಮ್ಮ ಬಂದು ಮಾವನ ಕಣ್ಣಿಗೆ ಟಾರ್ಚು ಬಿಟ್ಟರು. ಮಾವ ಟಾರ್ಚನ್ನು ನೋಡಲಿಲ್ಲ. ಹುಬ್ಬು ಗಂಟಿಕ್ಕಿ ಡಾಕ್ಟರಮ್ಮನ ಬಿಳಿ ಕೋಟನ್ನು ನೋಡಿದರು. ಕೈ ಚಾಚಿ ಜೇಬಿನ ಅಂಚಿನ ಮೇಲೆ ಉಗುರು ಓಡಿಸಿದರು.

'ಅಮ್ಮಾ, ಈ ಜೇಬು ಹೊಲಿದೋನು ಯಾರು? ಒಂದು ಜೇಬು ಉತ್ತರಕ್ಕಿದೆ, ಇನ್ನೊಂದು ದಕ್ಷಿಣಕ್ಕಿದೆ. ಭುಜ ನೋಡು, ಕುತ್ತಿಗೆಯಿಂದ ಜಾರಿ ಮೊಣಕೈಗೆ ಬಂದಿದೆ.' ಅಂಗಿಯ ಎದೆಯ ಮೇಲೆ ಕೈಯಾಡಿಸಿ ಸೀಮೆಸುಣ್ಣ ತಡಕಿದರು. ಆಸ್ಪತ್ರೆಯ ಅಂಗಿಗೆ ಜೇಬಿರಲಿಲ್ಲ. 'ಬಿಚ್ಚು ಇದನ್ನ.'

ನನ್ನ ಹೆಂಡತಿ ಗೊಳೋ ಎಂದು ಅತ್ತಳು. ಡಾಕ್ಟರಮ್ಮ ಗಾಬರಿಯಾದರು. 'ಇವರು ಮೊದ್ಲಿಂದ್ಲೂ ಹೀಗೇನಾ?'

'ಇದಕ್ಕಿಂತ ಕೆಟ್ಟದಾಗಿ, ಡಾಕ್ಟ್ರೇ,' ಅಂದೆ. ನನ್ನ ಮುಖದ ತುಂಬ ನಗು.

'ಹಾಗಿದ್ರೆ ಔಷಧಿ ಕೆಲಸ ಮಾಡ್ತಿದೆ,' ಅಂದರು ಅವರು, ಜೇಬನ್ನು ಕೈಯಿಂದ ಮುಚ್ಚಿಕೊಳ್ಳುತ್ತ.

ಮನೆಗೆ ಕಳಿಸುವಾಗ ಒಂದು ಕಾಗದ ಕೊಟ್ಟರು. ಯಾವ ಮಾತ್ರೆ ಎಷ್ಟು, ಯಾವ ವಾರ ಎಷ್ಟು ಕಮ್ಮಿ, ಸಕ್ಕರೆ ಯಾವಾಗ ನೋಡಬೇಕು, ಎಲ್ಲ ಬರೆದಿತ್ತು. ಡಾಕ್ಟರಮ್ಮ ಹೇಳುವವರೆಗೂ ಕತ್ತರಿ ಮುಟ್ಟುವ ಹಾಗಿಲ್ಲ. ಕೊನೆಯಲ್ಲಿ, 'ಈ ಕೆಳಗಿನವು ಕಂಡರೆ ತಡಮಾಡದೆ ಫೋನ್ ಮಾಡಿ' ಎಂದು ಅಚ್ಚಾಗಿತ್ತು: ಫಿಟ್ಸ್, ಮರೆವು, ಗೊಂದಲ. ಅದರ ಕೆಳಗೆ ಡಾಕ್ಟರಮ್ಮ ತಮ್ಮ ಕೈಯಿಂದಲೇ ಸೇರಿಸಿದ್ದರು: 'ಚೆನ್ನಾಗಿದೆ ಅಂದರೆ ಫೋನ್ ಮಾಡಿ.'

ಮಾವನಿಗೆ ಆ ಹದಿನಾರು ದಿನಗಳೂ ಆಸ್ಪತ್ರೆಯ ಮೊದಲ ದಿನಗಳೂ ಒಂದಿಷ್ಟೂ ನೆನಪಿಲ್ಲ. ಕಾಗದ ಓದಿ ಕೇಳಿದರು.

'ನಾನಾ? ನಿನ್ನ ಕೆಲಸಾನಾ? ಆಗ್ಲೇ ಕಟ್ಟಿ ಹಾಕ್ಬೇಕಿತ್ತು ನನ್ನ. ಎಷ್ಟು ದಿನ ಹೊಗಳ್ದೆ?'

'ಹದಿನಾರು ದಿನ ಮಾವ.'

ಅವರು ನನ್ನನ್ನೇ ನೋಡಿದರು. 'ಹದಿನಾರು ದಿನ ನಂಬಿದ್ಯಾ?'

ನಾನು ಮಿಷನ್ನಿನ ಕಡೆ ತಿರುಗಿದೆ. ಬಾಬಿನ್‌ಗೆ ದಾರ ಸುತ್ತಿಕೊಳ್ಳುತ್ತ ಕೂತೆ, ಸುತ್ತುವಷ್ಟು ದಾರ ಇಲ್ಲದಿದ್ದರೂ.

ಸ್ಟಿರಾಯ್ಡ್ ಅಂದರೆ ಏನೆಂದು ಗೊತ್ತಿಲ್ಲದವರು ನಮ್ಮ ಮನೆಗೆ ಬರಬೇಕಿತ್ತು. ಮಾವನ ಮುಖ ಉಬ್ಬಿ ಹುಣ್ಣಿಮೆ ಚಂದ್ರನಾಯಿತು. ಹಸಿವೆಂದರೆ ಹಸಿವು, ಬೆಳಿಗ್ಗೆ ಎಂಟಕ್ಕೇ ಮಧ್ಯಾಹ್ನದ ಪಾತ್ರೆ ತೆಗೆದು ನೋಡುತ್ತಿದ್ದರು. ಮೊದಲೇ ಮುಂಗೋಪ, ಈಗ ಅದಕ್ಕೆ ಮಾತ್ರೆಯ ಬೆಂಬಲ ಬೇರೆ. ಕತ್ತರಿ ಇಲ್ಲದ ಕೈ ಸುಮ್ಮನೆ ಹೇಗಿರುತ್ತದೆ? ಇಡೀ ದಿನ ನನ್ನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತು, ನಾನು ಹೊಲಿಗೆ ಹಾಕುವ ಮೊದಲೇ 'ಬಿಚ್ಚು' ಅನ್ನುತ್ತಿದ್ದರು. ಕತ್ತರಿಸುವ ಕೆಲಸವೂ ನನ್ನ ತಲೆಗೇ ಬಿತ್ತು. ಇಂಟು ಗುರುತುಗಳು ಎಷ್ಟು ಬೀಳುತ್ತಿದ್ದವೆಂದರೆ ಒಂದೊಂದು ಬಟ್ಟೆ ಮಕ್ಕಳ ಲೆಕ್ಕದ ಪುಸ್ತಕದಂತೆ ಕಾಣುತ್ತಿತ್ತು. ನಾನು ಸಂತೋಷವಾಗಿದ್ದೆ.

ಪರೀಕ್ಷೆಯ ಉಪಾಯ ಹೂಡಿದ್ದು ನನ್ನ ಹೆಂಡತಿ. ಮೇಷ್ಟ್ರು ಆ ಉಲ್ಟಾ ತೋಳಿನ ಕೋಟನ್ನು ಮತ್ತೆ ಮುಟ್ಟಲು ಒಪ್ಪಿರಲಿಲ್ಲ, ಅವರಿಗೆ ಬೇರೆಯದು ಹೊಲಿದು ಕೊಟ್ಟಿದ್ದೆ. ಹಳೆಯದನ್ನು ಇವಳು ಬೀರುವಿನಲ್ಲಿ ತೂಗುಹಾಕಿದಳು. ಪ್ರತಿ ಸೋಮವಾರ ಅಂಗಡಿ ತೆರೆದ ಕೂಡಲೇ ಅದನ್ನು ಮಾವನ ಮುಂದೆ ಹಿಡಿಯುವುದು. ಅವರು 'ಬಿಚ್ಚು' ಅಂದರೆ ಆ ವಾರ ನಮ್ಮ ಊಟ ರುಚಿಸುತ್ತಿತ್ತು.

ಹೀಗೆ ಎರಡು ತಿಂಗಳು ನಡೆಯಿತು. ಒಂಬತ್ತನೆಯ ಸೋಮವಾರ ಮಾವ ಆ ಕೋಟನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ಕಣ್ಣರಳಿಸಿ, 'ಆಹಾ! ಎಂಥಾ ತೋಳು! ಅಳಿಯಂದ್ರೇ, ಚೆನ್ನಾಗಿದೆ!' ಅಂದರು.

ಇವಳು ಅರ್ಧ ಅಳತೆ ತೆಗೆದಿದ್ದ ಗಿರಾಕಿಯನ್ನು ಅಲ್ಲೇ ಬಿಟ್ಟಳು. ಆ ಮನುಷ್ಯ ಎರಡೂ ಕೈ ಅಗಲಿಸಿಕೊಂಡು ನಿಂತೇ ಇದ್ದ. ಮಾವನನ್ನು ಎತ್ತಿದಂತೆ ಹೊರಗೆ ತಂದು ಟ್ಯಾಕ್ಸಿಗೆ ತುಂಬಿದೆವು. ದಾರಿಯುದ್ದಕ್ಕೂ ಅವರು ಡ್ರೈವರನ್ನು ಹೊಗಳಿದರು, ರಸ್ತೆಯ ಗುಂಡಿಗಳನ್ನು ಹೊಗಳಿದರು, ಇವಳ ಅಡುಗೆಯನ್ನು ಹೊಗಳಿದರು. ಅಡುಗೆಯ ಮಾತು ಬಂದಾಗಲೇ ನನಗೆ ಸಂಶಯ ಬರಬೇಕಿತ್ತು. ಡಾಕ್ಟರಮ್ಮನ ಕೋಣೆಯ ಬಾಗಿಲು ತೆರೆದದ್ದೇ ತಡ, ಮಾವ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು.

'ಇವರಿಬ್ಬರ ಮುಖ ನೋಡಮ್ಮಾ! ಚೆನ್ನಾಗಿದೆ ಅಂದ್ರೆ ಸಾಕು, ಸತ್ತೋಗಿದೀನಿ ಅನ್ನೋ ಹಾಗೆ ಆಡ್ತಾರೆ. ಅಂದಹಾಗೆ ನಿನ್ನ ಜೇಬು ಇನ್ನೂ ಹಾಗೇ ಇದೆ.'

ಡಾಕ್ಟರಮ್ಮ ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. 'ಮಾಸ್ಟ್ರೇ, ಮಾತ್ರೆ ಕಮ್ಮಿ ಮಾಡ್ತಾ ಹೋದ ಹಾಗೆ ಇದು ವಾಪಸ್ ಬರೋ ಅಪಾಯ ಇರೋದೇ ಈಗ. ಬಂದ್ರೆ ನಿಮಗೆ ಗೊತ್ತಾಗಲ್ಲ, ಇವರಿಗೇ ಗೊತ್ತಾಗ್ಬೇಕು. ಇವರು ಅದನ್ನೂ ತಮಾಷೆ ಅಂದ್ಕೊಂಡು ಸುಮ್ಮನಿದ್ರೆ?'

ಮಾವ ನಗು ನಿಲ್ಲಿಸಿದರು. ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಯಾರನ್ನೂ ಹೊಗಳಲಿಲ್ಲ. ಇವಳು ಮೂರು ದಿನ ಅಪ್ಪನ ಜೊತೆ ಮಾತು ಬಿಟ್ಟಳು, ಊಟ ಮಾತ್ರ ಎಂದಿಗಿಂತ ಹೆಚ್ಚು ಬಡಿಸಿದಳು.

ಮಾತ್ರೆಗಳು ಎಂಟರಿಂದ ಆರಾದವು, ಆರರಿಂದ ಮೂರು, ಮೂರರಿಂದ ಒಂದು. ಚಂದ್ರ ಕರಗಿ ಮಾವನ ಹಳೆಯ ದವಡೆ ಕಾಣಿಸಿತು. ಕೈ ಎಗರುವುದು ಪೂರ್ತಿ ನಿಂತಿತ್ತು. ಇನ್ನೆರಡು ವಾರ ಕಳೆದರೆ ಕತ್ತರಿಗೆ ಅಪ್ಪಣೆ ಸಿಗುತ್ತದೆ ಎಂದು ಅವರು ಅದಕ್ಕೆ ಸಾಣೆಯನ್ನೂ ಹಿಡಿಸಿಟ್ಟಿದ್ದರು.

ಒಂದು ಬುಧವಾರ ನಾನು ಒಂದು ಕೋಟಿನ ತೋಳು ಕೂಡಿಸುತ್ತಿದ್ದೆ. ಮರೆಮಾಚಿ ಏನು ಪ್ರಯೋಜನ, ಮಿಷನ್ನಿನ ಪಕ್ಕ ಫೋನ್ ಇಟ್ಟುಕೊಂಡು ಪಂದ್ಯ ನೋಡುತ್ತ ಕೂಡಿಸುತ್ತಿದ್ದೆ. ಕೊನೆಯ ಹತ್ತು ನಿಮಿಷ, ಎರಡೂ ತಂಡ ಸಮಸಮ, ನನ್ನ ಕಣ್ಣು ಅಲ್ಲಿ, ಕಾಲು ಇಲ್ಲಿ. ತೋಳು ಹೇಗೆ ಬಂತೆಂದು ನನಗೇ ಗೊತ್ತಿತ್ತು. ಭುಜದ ಹತ್ತಿರ ಎರಡು ಕಡೆ ಬಟ್ಟೆ ಸುಕ್ಕಾಗಿತ್ತು, ಒಂದು ಕಡೆ ಅಸ್ತರು ಹೊಲಿಗೆಯೊಳಗೆ ಸಿಕ್ಕಿಕೊಂಡಿತ್ತು, ಕಂಕುಳಲ್ಲಿ ಒಂದು ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಹೇಗೂ ಬೈಸಿಕೊಂಡು ಬಿಚ್ಚುವುದು ಇದ್ದೇ ಇದೆ ಎಂದು ಮಾವನ ಮುಂದೆ ಹಾಕಿದೆ.

ಮಾವ ತಿರುವಿದರು. ಉಗುರು ಓಡಿಸಿದರು. ಉಗುರು ಆ ಸುಕ್ಕುಗಳ ಮೇಲೆ ಹಾಯಾಗಿ ಹರಿದುಹೋಯಿತು.

'ಚೆನ್ನಾಗಿದೆ,' ಅಂದರು. ಕಣ್ಣು ಅರಳಲಿಲ್ಲ, ಆಹಾ ಇಲ್ಲ, ನಾಟಕ ಇಲ್ಲ.

ಕೌಂಟರಿನಲ್ಲಿ ಗುಂಡಿ ಹಚ್ಚುತ್ತಿದ್ದ ಇವಳು ತಲೆಯೆತ್ತದೆ, 'ಅಪ್ಪಾ, ಸಾಕು ನಿನ್ನ ಆಟ,' ಅಂದಳು.

ನಾನು ಅಲ್ಲೇ ನಿಂತೆ. ಇದು ಆಟವೇ ಇರಬಹುದು. ಇವತ್ತು ಸೋಮವಾರವೂ ಅಲ್ಲ. ಕೈಯೂ ಎಗರುತ್ತಿಲ್ಲ. ಸುಮ್ಮನೆ ಆ ಕೋಟನ್ನು ತೆಗೆದುಕೊಂಡು ಸದ್ದಿಲ್ಲದೆ ಸರಿಮಾಡಿಬಿಟ್ಟರೆ ಪಂದ್ಯದ ಸಂಗತಿ ಯಾರಿಗೂ ತಿಳಿಯುವುದಿಲ್ಲ. ಹೋದ ಸಲ ನಾನು ಸುಮ್ಮನಿದ್ದೆ, ಹದಿನಾರು ದಿನ ಸುಮ್ಮನಿದ್ದೆ.

'ಆಟ ಅಲ್ಲ ಕಣೇ,' ಅಂದೆ. 'ಈ ತೋಳಲ್ಲಿ ನಾಲ್ಕು ತಪ್ಪಿದೆ. ನಾನು ಮ್ಯಾಚ್ ನೋಡ್ತಾ ಹೊಲಿದೆ. ಕಣ್ಣು ಮುಚ್ಚಿಕೊಂಡು ಮುಟ್ಟಿದ್ರೂ ಗೊತ್ತಾಗ್ಬೇಕು, ಅಷ್ಟು ಕೆಟ್ಟದಾಗಿದೆ.'

'ಅಪ್ಪ ಬೇಕೂಂತ ಹಾಗೆ ಅಂದಿದ್ರೆ?'

'ಆಟ ಆಡೋರು ಒಳ್ಳೇ ಹೊಲಿಗೆ ಆದ್ರೆ ಹಾಗೆ ಅನ್ನಬಹುದು, ಇಲ್ಲಾ ಆ ಬೀರು ಕೋಟು ನೋಡಿ ಅನ್ನಬಹುದು. ಕಂಕುಳಲ್ಲಿ ತೂತು ಬಿಟ್ಟು ಗಿರಾಕಿಗೆ ಹೋಗೋ ಬಟ್ಟೆ ಇದು. ಇದನ್ನ ನೋಡಿ ನಿಮ್ಮಪ್ಪ ಸುಮ್ಮನಿರ್ತಾರಾ? ತಮಾಷೆಗೂ ಇರಲ್ಲ.'

ಇವಳು ಎದ್ದು ಬಂದು ಕಂಕುಳಿಗೆ ಬೆರಳು ತೂರಿಸಿ ನೋಡಿದಳು. ಚೀಲ ತೆಗೆದುಕೊಂಡಳು.

ಡಾಕ್ಟರಮ್ಮನ ಮುಂದೆ ನಾನು ಕೋಟನ್ನೇ ಹರವಿದೆ. ನಾಲ್ಕು ತಪ್ಪನ್ನೂ ಬೆರಳಿಟ್ಟು ತೋರಿಸಿದೆ. ಅಲ್ಲಿದ್ದ ಇಬ್ಬರು ಕಲಿಯುವ ಡಾಕ್ಟರರು ನನ್ನ ಅವಮಾನವನ್ನು ಬರೆದುಕೊಂಡರು. ವೈರು ಅಂಟಿಸಿ ನೋಡಿದರು, ರಕ್ತ ನೋಡಿದರು. ಊತ ಮತ್ತೆ ಶುರುವಾಗಿತ್ತು, ಆದರೆ ಬಹಳ ಸ್ವಲ್ಪ. ಡಾಕ್ಟರಮ್ಮ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, 'ಒಂದು ವಾರ ತಡ ಆಗಿದ್ರೆ ಮತ್ತೆ ಫಿಟ್ಸ್ ಬರ್ತಿತ್ತು. ಒಳ್ಳೇದಾಯ್ತು ನೀವು ಕೆಟ್ಟದಾಗಿ ಹೊಲಿದಿದ್ದು,' ಅಂದರು. ನನ್ನ ವೃತ್ತಿಜೀವನದಲ್ಲಿ ಬೇರೆಯವರು ಕೊಟ್ಟ ಮೊದಲ ಪ್ರಶಸ್ತಿ ಅದು.

ಮತ್ತೆ ಡ್ರಿಪ್, ಮತ್ತೆ ಚಂದ್ರ, ಮತ್ತೆ ಹಸಿವು. ಈ ಸಲ ಸ್ಟಿರಾಯ್ಡ್ ಜೊತೆಗೆ ಆರು ತಿಂಗಳಿಗೊಮ್ಮೆ ಹಾಕುವ ಇನ್ನೊಂದು ಔಷಧಿಯೂ ಸೇರಿತು. ಆರನೆಯ ದಿನ ಮಾವ ವಾರ್ಡಿನಲ್ಲಿ ಆ ಕೋಟನ್ನು ಕೇಳಿ ತರಿಸಿಕೊಂಡರು. ತಿರುವಿ, ಉಗುರು ಓಡಿಸಿ, ನಾನು ತಂದಿಟ್ಟಿದ್ದ ಸೀಮೆಸುಣ್ಣದಿಂದ ಇಂಟು ಗುರುತು ಹಾಕತೊಡಗಿದರು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಮಣಿಕಟ್ಟಿನ ಹತ್ತಿರ ಐದನೆಯದು.

'ನಾಲ್ಕೇ ಅಂತ ಹೇಳಿದ್ಯಂತೆ,' ಅಂದರು. 'ಇದನ್ನ ಯಾರು ನೋಡ್ತಾರೆ, ನಿಮ್ಮ ಮಾವನಾ?'

ಅದಾಗಿ ಒಂದು ವರ್ಷವಾಯಿತು. ಮಾವನಿಗೆ ಹಳೆಯ ಗಿರಾಕಿಗಳ ಮುಖ ಕೆಲವು ಮರೆತುಹೋಗಿವೆ, ಅವರ ಅಳತೆ ಮಾತ್ರ ನೆನಪಿದೆ. ಬಾಗಿಲಲ್ಲಿ ಬಂದು ನಿಂತವರನ್ನು 'ಮೂವತ್ತೆಂಟು ಸೊಂಟ, ಬನ್ನಿ' ಎಂದು ಕರೆಯುತ್ತಾರೆ. ಹೋದ ತಿಂಗಳು ಡಾಕ್ಟರಮ್ಮ ಕತ್ತರಿಗೆ ಅಪ್ಪಣೆ ಕೊಟ್ಟರು. 'ಆದ್ರೆ ಮೊದಲಿನ ಹಾಗೇ ಕೈ ಬರುತ್ತೆ ಅಂತ ನಾನು ಮಾತು ಕೊಡಲ್ಲ ಮಾಸ್ಟ್ರೇ,' ಎಂದೂ ಹೇಳಿದರು. ಮಾವ ತಲೆಯಾಡಿಸಿದರು.

ಮೊದಲ ದಿನ ಅವರು ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದು ವೇಸ್ಟ್‌ಕೋಟು. ತಾವೇ ಕತ್ತರಿಸಿ, ತಾವೇ ಹೊಲಿದು, ತಂದು ನನ್ನ ಮಿಷನ್ನಿನ ಮೇಲೆ ಹಾಕಿದರು. ಅದರ ಮೇಲೆ ಸೀಮೆಸುಣ್ಣದ ಬಿಲ್ಲೆ ಇಟ್ಟರು.

'ನೋಡು,' ಅಂದರು.

ನಾನು ತಿರುವಿದೆ. ಉಗುರು ಓಡಿಸಿದೆ. ಕತ್ತು ಸರಿ, ಕಂಕುಳು ಸರಿ, ಅಸ್ತರು ಬೆಣ್ಣೆಯ ಹಾಗೆ ಕೂತಿದೆ. ಎಡಭುಜದ ಹತ್ತಿರ ನನ್ನ ಉಗುರು ನಿಂತಿತು. ಹೊಲಿಗೆ ಒಂದು ಬೆರಳಿನಷ್ಟು ದೂರ ದಾರಿ ಬಿಟ್ಟು ಹೋಗಿ ಮತ್ತೆ ವಾಪಸು ಬಂದಿತ್ತು. ಕೈ ಸೋತ ಜಾಗ.

ಮಾವನ ಹಿಂದೆ ಕೌಂಟರಿನಲ್ಲಿ ಇವಳು ನನಗೆ ಕಣ್ಸನ್ನೆ ಮಾಡುತ್ತಿದ್ದಳು. ಅನ್ರೀ, ಚೆನ್ನಾಗಿದೆ ಅನ್ರೀ ಎಂದು ಅವಳ ತುಟಿ ಅಲುಗುತ್ತಿತ್ತು. ಮಾವ ಎರಡೂ ಕೈ ಹಿಂದೆ ಕಟ್ಟಿಕೊಂಡು, ಟ್ರಯಲ್‌ಗೆ ನಿಂತ ಗಿರಾಕಿಯಂತೆ ನೆಟ್ಟಗೆ ನಿಂತಿದ್ದರು. ಈ ಮನುಷ್ಯ ಒಂದೂವರೆ ವರ್ಷ ಸಾವಿನ ಬಾಗಿಲಿಗೆ ಹೋಗಿ ಬಂದು ಹೊಲಿದ ಮೊದಲ ಹೊಲಿಗೆ. ಒಂದು ಮಾತು ಅಂದುಬಿಟ್ಟರೆ ನನ್ನ ಗಂಟೇನು ಹೋಗುತ್ತದೆ?

ಸೀಮೆಸುಣ್ಣ ತೆಗೆದುಕೊಂಡೆ. ಎಡಭುಜದ ಮೇಲೆ ಇಂಟು ಗುರುತು ಹಾಕಿದೆ. ಅದೂ ಸೊಟ್ಟಗೇ ಬಂತು.

'ಬಿಚ್ಚಿ, ಮಾವ.'

ಇವಳು ಹಣೆ ಚಚ್ಚಿಕೊಂಡಳು. ಮಾವ ಬಗ್ಗಿ ಆ ಗುರುತನ್ನು ಹತ್ತಿರದಿಂದ ನೋಡಿದರು, ಆಮೇಲೆ ನನ್ನ ಮುಖವನ್ನು ಅಷ್ಟೇ ಹತ್ತಿರದಿಂದ ನೋಡಿದರು. ಜೇಬಿನಿಂದ ಫೋನು ತೆಗೆದು ಮೇಜಿನ ಮೇಲಿಟ್ಟರು. ಪರದೆಯ ಮೇಲೆ ಡಾಕ್ಟರಮ್ಮನ ನಂಬರು ಸಿದ್ಧವಾಗಿತ್ತು.

'ಬದುಕಿಕೊಂಡೆ ಕಣೋ,' ಅಂದರು. 'ಚೆನ್ನಾಗಿದೆ ಅಂದಿದ್ರೆ ಈಗ್ಲೇ ನಿನ್ನ ತಲೆ ಸ್ಕ್ಯಾನ್ ಮಾಡಿಸೋಕೆ ಕರ್ಕೊಂಡು ಹೋಗ್ತಿದ್ದೆ.'

ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತು, ವೇಸ್ಟ್‌ಕೋಟನ್ನು ಮಡಿಲಲ್ಲಿ ಹಾಕಿಕೊಂಡು ಬಿಚ್ಚತೊಡಗಿದರು. ಸೀಮೆಸುಣ್ಣವನ್ನು ವಾಪಸು ಕೇಳಲಿಲ್ಲ. ನಾನೂ ಕೊಡಲಿಲ್ಲ.